ಉಗುರಿಗೆ ಬಗ್ಗದ್ದು ಪುಟ್ಟ ನಾಯಿಯ ಹಲ್ಲಿಗೂ ಬೇಡ

ಪ್ರಶ್ನೆ: ನಮ್ಮ ಪೊಮೆರೇನಿಯನ್ ನಾಯಿಗೆ ಐದು ವರ್ಷ, ತೂಕ ನಾಲ್ಕು ಕೆ.ಜಿ. ಇತ್ತೀಚೆಗೆ ಬಾಯಿ ವಾಸನೆ ಬರುತ್ತಿದೆ, ಹಿಂದಿನ ಹಲ್ಲುಗಳ ಮೇಲೆ ಕಂದು ಬಣ್ಣದ ಪಾಚಿ ಕಾಣುತ್ತಿದೆ. ಬ್ರಷ್ ಕೈಗೆತ್ತಿಕೊಂಡರೆ ಸಾಕು, ಮಂಚದ ಕೆಳಗೆ ಸೇರಿಬಿಡುತ್ತದೆ. ಜಿಂಕೆ ಕೊಂಬಿನ ತುಂಡು ಕೊಡಿ, ತಿಂಗಳುಗಟ್ಟಲೆ ಬಾಳುತ್ತದೆ ಎಂದು ಒಬ್ಬರು ಹೇಳುತ್ತಾರೆ. ಅಗಿಯಲೆಂದು ಚರ್ಮದಿಂದ ಮಾಡಿದ ರಾಹೈಡ್ ಕೊಡಿ ಎನ್ನುತ್ತಾರೆ ಇನ್ನೊಬ್ಬರು. ಇದೋ, ಏನು ಕೊಟ್ಟರೂ ಗಬಕ್ಕನೆ ನುಂಗುವ ಜಾತಿ. ಯಾವುದು ಕೊಟ್ಟರೆ ಸುರಕ್ಷಿತ?

ಉತ್ತರ: ಮೊದಲು ಕೊಂಬಿನ ಮಾತು ಮುಗಿಸೋಣ. ಬೇಡ. ‘ತಿಂಗಳುಗಟ್ಟಲೆ ಬಾಳುತ್ತದೆ’ ಎಂಬುದನ್ನು ಅದರ ಗುಣವೆಂದು ಮಾರುತ್ತಾರೆ, ನನಗೆ ಅದೇ ದೋಷವಾಗಿ ಕಾಣುತ್ತದೆ. ಹಲ್ಲು ಮತ್ತು ಕೊಂಬಿನ ಜಟಾಪಟಿಯಲ್ಲಿ ಕೊಂಬು ಸವೆಯುತ್ತಿಲ್ಲ ಎಂದರೆ ಸೋಲುತ್ತಿರುವುದು ಯಾರು?

ನಾಯಿಯ ಹಲ್ಲು ನೋಡಲು ಗಟ್ಟಿ, ಆದರೆ ಅದರ ಎನಾಮಲ್ ಪದರ ನಮ್ಮದಕ್ಕಿಂತ ತೆಳು. ಗಟ್ಟಿ ವಸ್ತುವನ್ನು ಕಡಿಯಲು ನಾಯಿ ಬಳಸುವುದು ಮೇಲಿನ ದವಡೆಯ ಪಕ್ಕದಲ್ಲಿರುವ, ಮೂರು ಬೇರುಗಳ ದೊಡ್ಡ ಹಲ್ಲನ್ನು. ಕೊಂಬು, ಗೊರಸು, ಮೂಳೆ, ಗಟ್ಟಿ ನೈಲಾನ್ ಆಟಿಕೆ, ಹಾಲಿನಿಂದ ಮಾಡಿದ ಕಲ್ಲಿನಂಥ ಚೀಸ್ ತುಂಡು ಇವುಗಳ ಮೇಲೆ ಒತ್ತಡ ಬಿದ್ದಾಗ ಆ ಹಲ್ಲಿನ ಹೊರಮೈ ಚಕ್ಕೆಯಾಗಿ ಎದ್ದುಬರುತ್ತದೆ. ಚಕ್ಕೆ ಆಳವಾಗಿ ಎದ್ದರೆ ಒಳಗಿನ ನರ ಬಯಲಾಗುತ್ತದೆ. ಮನೆಯವರಿಗೆ ಇದು ಗೊತ್ತೇ ಆಗದಿರುವುದು ಹೆಚ್ಚು, ಏಕೆಂದರೆ ನಾಯಿ ಊಟ ಬಿಡುವುದಿಲ್ಲ, ಸದ್ದಿಲ್ಲದೆ ಇನ್ನೊಂದು ಬದಿಯಲ್ಲಿ ಅಗಿಯತೊಡಗುತ್ತದೆ. ಎಷ್ಟೋ ದಿನಗಳ ಮೇಲೆ ಕಣ್ಣಿನ ಕೆಳಗೆ ಊದಿಕೊಂಡಾಗ ‘ಏನೋ ಕಚ್ಚಿರಬೇಕು’ ಎಂದು ಕರೆತರುತ್ತಾರೆ. ಕಚ್ಚಿದ್ದು ಯಾವ ಹುಳುವೂ ಅಲ್ಲ, ಒಡೆದ ಹಲ್ಲಿನ ಬೇರಿನಲ್ಲಿ ಕೀವು ತುಂಬಿರುತ್ತದೆ. ಆ ಹಂತದಲ್ಲಿ ಉಳಿಯುವುದು ಎರಡೇ ದಾರಿ: ಬೇರಿನ ಚಿಕಿತ್ಸೆ, ಇಲ್ಲವೇ ಹಲ್ಲು ಕೀಳುವುದು.

ಹಾಗಾಗಿ ಅಂಗಡಿಯಲ್ಲಿ ನಿಂತೇ ಮಾಡಬಹುದಾದ ಪರೀಕ್ಷೆಯೊಂದನ್ನು ನೆನಪಿಡಿ. ಹೆಬ್ಬೆರಳ ಉಗುರನ್ನು ತಿನಿಸಿನ ಮೇಲೆ ಒತ್ತಿ. ಗುರುತು ಬಿದ್ದರೆ, ಅಥವಾ ಕೈಯಲ್ಲಿ ಸ್ವಲ್ಪ ಬಗ್ಗಿದರೆ, ಹಲ್ಲಿಗೂ ಅದು ಜಾಗ ಕೊಡುತ್ತದೆ. ಉಗುರೇ ನೋಯುವಂತಿದ್ದರೆ ಹಿಂದಿಟ್ಟುಬಿಡಿ. ಬಗ್ಗುವ ಗುಣದಿಂದ ಇನ್ನೊಂದು ಲಾಭವೂ ಇದೆ. ಹಲ್ಲು ತಿನಿಸಿನೊಳಗೆ ಇಳಿದಾಗಲೇ ಅದರ ಬದಿಗಳು ಹಲ್ಲಿನ ಮೈಯನ್ನು ವಸಡಿನ ಅಂಚಿನವರೆಗೆ ಉಜ್ಜುವುದು. ಕಲ್ಲಿನಂಥ ತುಂಡು ಹಲ್ಲಿನ ತುದಿಯನ್ನಷ್ಟೇ ಮುಟ್ಟುತ್ತದೆ, ಪಾಚಿ ಕಟ್ಟುವ ಜಾಗಕ್ಕೆ ಹೋಗುವುದೇ ಇಲ್ಲ.

ರಾಹೈಡ್ ವಿಷಯ ಇಷ್ಟು ಸರಳವಲ್ಲ. ಅದು ಸಂಸ್ಕರಿಸಿದ ಚರ್ಮದ ಒಳಪದರ. ನಿಧಾನವಾಗಿ ಅಗಿಯುವ ನಾಯಿಗೆ ಅದರಿಂದ ಪಾಚಿ ಕಡಿಮೆಯಾಗುವುದೂ ಉಂಟು. ಆದರೆ ನೆನೆದು ಮೆತ್ತಗಾದ ತುಂಡು ಜಾರಿ ಗಂಟಲಿಗೆ ಹೋಗುತ್ತದೆ, ಹೊಟ್ಟೆಯಲ್ಲಿ ಬೇಗ ಕರಗುವುದಿಲ್ಲ, ಉಬ್ಬಿಕೊಳ್ಳಲೂಬಹುದು. ನಾಲ್ಕು ಕೆ.ಜಿ. ನಾಯಿಯ ಕರುಳು ಎಷ್ಟು ಸಣ್ಣದೆಂದು ಯೋಚಿಸಿ. ನಿಮ್ಮದು ನುಂಗುಬಾಕ ಎಂದು ನೀವೇ ಬರೆದಿದ್ದೀರಿ. ಅದಕ್ಕೆ ರಾಹೈಡ್ ಕೊಡಿ ಎನ್ನಲು ನನಗೆ ಬಾಯಿ ಬಾರದು. ಬೇಯಿಸಿದ ಮೂಳೆಯಂತೂ ಯಾವ ನಾಯಿಗೂ ಸಲ್ಲದು, ಸೀಳಿ ಚೂಪಾಗುತ್ತದೆ.

ಹಾಗಾದರೆ ಏನು ಕೊಡುವುದು? ಹಲ್ಲಿಗೆಂದೇ ತಯಾರಿಸಿದ, ಅಗಿದಂತೆ ಪುಡಿಯಾಗಿ ಜೀರ್ಣವಾಗುವ ಮೆದು ಡೆಂಟಲ್ ಚ್ಯೂ. ಇವುಗಳಲ್ಲೂ ಹೇಳುವುದೊಂದು, ಮಾಡುವುದೊಂದು ಇರುತ್ತದೆ. ‘ಹಲ್ಲಿಗೆ ಒಳ್ಳೆಯದು’ ಎಂದು ಪೊಟ್ಟಣದ ಮೇಲೆ ಯಾರು ಬೇಕಾದರೂ ಅಚ್ಚು ಹಾಕಿಸಬಹುದು. ನಾನು ಹುಡುಕುವುದು ವೆಟರ್ನರಿ ಓರಲ್ ಹೆಲ್ತ್ ಕೌನ್ಸಿಲ್ ಎಂಬ ಮಂಡಳಿಯ ಮುದ್ರೆಯನ್ನು. ಇಂಗ್ಲಿಷಿನಲ್ಲಿ ವಿ.ಓ.ಹೆಚ್.ಸಿ. ಎಂದಿರುತ್ತದೆ. 1997ರಿಂದ ಕೆಲಸ ಮಾಡುತ್ತಿರುವ ಈ ಮಂಡಳಿ ತಾನೇ ಪ್ರಯೋಗ ನಡೆಸುವುದಿಲ್ಲ, ತಯಾರಕರು ನಡೆಸಿದ ಪ್ರಯೋಗಗಳ ದಾಖಲೆ ತರಿಸಿ ಪರಿಶೀಲಿಸುತ್ತದೆ. ಪ್ಲಾಕ್ (ಹಲ್ಲಿನ ಮೇಲಿನ ಜಿಗುಟು ಪೊರೆ) ಅಥವಾ ಟಾರ್ಟರ್ (ಆ ಪೊರೆ ಗಟ್ಟಿಯಾದದ್ದು) ನಿಜಕ್ಕೂ ಕಡಿಮೆಯಾಗಿದ್ದರೆ ಮುದ್ರೆ ಕೊಡುತ್ತದೆ. ಮುದ್ರೆ ಇದ್ದ ಮಾತ್ರಕ್ಕೆ ಅದು ನಿಮ್ಮ ನಾಯಿಯ ಅಳತೆಯದೇ ಆಗಿರಬೇಕೆಂದಿಲ್ಲ. ಪೊಟ್ಟಣದ ಮೇಲಿನ ತೂಕದ ಪಟ್ಟಿ ನೋಡಿ, ನಾಲ್ಕು ಕೆ.ಜಿ.ಗೆ ಹೊಂದುವುದನ್ನೇ ತನ್ನಿ. ದೊಡ್ಡ ನಾಯಿಯದನ್ನು ಕತ್ತರಿಸಿ ಕೊಡುವುದು ಉಳಿತಾಯದಂತೆ ಕಂಡರೂ, ಕತ್ತರಿಸಿದ ತುಂಡು ಅಗಿಯದೆ ಇಡಿಯಾಗಿ ನುಂಗುವ ಗಾತ್ರಕ್ಕೆ ಬಂದಿರುತ್ತದೆ.

ಕೊಡುವ ರೀತಿಯಲ್ಲೇ ಅರ್ಧ ಸುರಕ್ಷತೆ ಇದೆ. ಡೆಂಟಲ್ ಚ್ಯೂ ಕಡ್ಡಿಯ ಒಂದು ತುದಿಯನ್ನು ನೀವೇ ಹಿಡಿದುಕೊಳ್ಳಿ, ಇನ್ನೊಂದು ತುದಿಯನ್ನು ಬಾಯಿಯ ಪಕ್ಕದಿಂದ ಕೊಡಿ. ಆಗ ದವಡೆ ಹಲ್ಲುಗಳಲ್ಲಿ ಅಗಿಯುವುದು ಅನಿವಾರ್ಯವಾಗುತ್ತದೆ. ಸ್ವಲ್ಪ ಹೊತ್ತಿನ ಮೇಲೆ ಬದಿ ಬದಲಿಸಿ. ಉಳಿದ ತುಂಡು ಇಡಿಯಾಗಿ ಬಾಯೊಳಗೆ ಹೋಗುವಷ್ಟಾದಾಗ ವಾಪಸ್ ತೆಗೆದುಕೊಳ್ಳಿ. ಬಾಯಿಗೆ ಕೈಹಾಕಿ ಕಿತ್ತುಕೊಂಡರೆ ನಾಯಿ ಮುಂದಿನ ಸಲ ಇನ್ನೂ ಬೇಗ ನುಂಗಲು ಕಲಿಯುತ್ತದೆ, ಆದ್ದರಿಂದ ಬೇರೊಂದು ರುಚಿಯಾದ ಚೂರು ತೋರಿಸಿ ಅದಲುಬದಲು ಮಾಡಿಕೊಳ್ಳಿ. ಅಗಿಯುವ ನಾಯಿಯನ್ನು ಒಂಟಿಯಾಗಿ ಬಿಟ್ಟು ಹೋಗಬೇಡಿ. ಹಾಗೂ ಏನಾದರೂ ಸಿಕ್ಕಿಕೊಂಡು ಉಸಿರಿಗೆ ಒದ್ದಾಡಿದರೆ, ಬಾಯಿ ತೆರೆದು ನೋಡಿ. ಕಣ್ಣಿಗೆ ಕಾಣುವ ತುಂಡನ್ನಷ್ಟೇ ಎಳೆಯಿರಿ, ಕಾಣದ್ದಕ್ಕೆ ಬೆರಳು ಹಾಕಿದರೆ ಇನ್ನೂ ಒಳಗೆ ಹೋಗುತ್ತದೆ. ತಕ್ಷಣ ಆಸ್ಪತ್ರೆಗೆ ಹೊರಡಿ. ದೊಡ್ಡ ತುಂಡು ನುಂಗಿದ ಮೇಲೆ ಒಂದೆರಡು ದಿನದಲ್ಲಿ ಪದೇ ಪದೇ ವಾಂತಿ, ಊಟ ಬಿಡುವುದು, ಮಲಕ್ಕೆ ತಿಣುಕುವುದು ಕಂಡರೂ ಕಾಯಬೇಡಿ.

ಕ್ಯಾಲೊರಿಯನ್ನು ಯಾರೂ ಎಣಿಸುವುದಿಲ್ಲ. ನಿಮ್ಮ ನಾಯಿಗೆ ದಿನಕ್ಕೆ ಸುಮಾರು 250ರಿಂದ 300 ಕ್ಯಾಲೊರಿ ಸಾಕು, ಅದರಲ್ಲಿ ತಿನಿಸುಗಳೆಲ್ಲ ಸೇರಿ 10 ಶೇಕಡ ದಾಟಬಾರದು. ಅಂದರೆ 25ರಿಂದ 30. ಪುಟ್ಟ ನಾಯಿಯ ಒಂದು ಡೆಂಟಲ್ ಕಡ್ಡಿಯೇ ಹೆಚ್ಚುಕಡಿಮೆ ಅಷ್ಟಾಗಬಹುದು. ಕಡ್ಡಿ ಕೊಟ್ಟ ದಿನ ಬಿಸ್ಕತ್ತಿಗೆ ರಜೆ.

ಇಷ್ಟೆಲ್ಲ ಹೇಳಿ ಈಗ ನಿಮಗೆ ಹಿಡಿಸದ ಮಾತು: ಈಗಿರುವ ಕಂದು ಪಾಚಿ ಯಾವ ಕಡ್ಡಿಗೂ ಹೋಗುವುದಿಲ್ಲ. ಹಲ್ಲು ಶುಚಿ ಮಾಡಿದ ಕೆಲವೇ ಗಂಟೆಗಳಲ್ಲಿ ಅದರ ಮೇಲೆ ಪ್ಲಾಕ್ ಎಂಬ ಜಿಗುಟು ಪೊರೆ ಕಟ್ಟತೊಡಗುತ್ತದೆ. ಜೊಲ್ಲಿನ ಖನಿಜಗಳು ಸೇರಿ ಎರಡು ಮೂರು ದಿನಗಳಲ್ಲಿ ಅದು ಗಟ್ಟಿಯಾಗಲು ಶುರುವಾಗುತ್ತದೆ, ಅದೇ ಟಾರ್ಟರ್. ಕಡ್ಡಿಯ ಕೆಲಸ ಮೆತ್ತಗಿರುವ ಪೊರೆಯ ಮೇಲೆ. ವಾರಕ್ಕೊಮ್ಮೆ ಕೊಟ್ಟರೆ ಪ್ರಯೋಜನವಿಲ್ಲ ಎನ್ನುವುದೂ ಅದಕ್ಕೇ. ವಾಸನೆ ಬರುತ್ತಿದೆ ಎಂದರೆ ವಸಡಿನ ಕೆಳಗೂ ಸೋಂಕು ಇಳಿದಿರಬಹುದು. ಪುಟ್ಟ ನಾಯಿಗಳಿಗೆ ಈ ಕಾಟ ಹೆಚ್ಚು. ದೊಡ್ಡ ನಾಯಿಯ ಅದೇ 42 ಹಲ್ಲುಗಳು ಇವುಗಳ ಅಂಗೈಯಗಲದ ಮುಖದಲ್ಲಿ ಒತ್ತೊತ್ತಾಗಿ ನಿಂತಿರುತ್ತವೆ, ಸಂದುಗಳಲ್ಲಿ ಎಲ್ಲವೂ ಸಿಕ್ಕಿಕೊಳ್ಳುತ್ತದೆ. ಕೆಳದವಡೆಯ ಮೂಳೆಯೋ ತೆಳು, ಬೇರುಗಳೋ ಉದ್ದ. ಸೋಂಕು ಮೂಳೆಯನ್ನು ತಿಂದುಹಾಕಿದ ಮೇಲೆ ಸಣ್ಣ ಪೆಟ್ಟಿಗೂ ದವಡೆಯೇ ಮುರಿದದ್ದುಂಟು.

ಆದ್ದರಿಂದ ಕಡ್ಡಿ ಕೊಳ್ಳುವ ಮೊದಲು ಬಾಯಿ ತೋರಿಸಿ. ಅರಿವಳಿಕೆ ಕೊಟ್ಟು, ಎಕ್ಸ್‌ರೇ ತೆಗೆದು, ವಸಡಿನ ಕೆಳಗೂ ಶುಚಿ ಮಾಡಬೇಕಾದೀತು. ಅರಿವಳಿಕೆ ಇಲ್ಲದೆ ಕೆರೆದುಕೊಡುತ್ತೇವೆ ಎನ್ನುವವರೂ ಇದ್ದಾರೆ. ಅದು ಕಣ್ಣಿಗೆ ಕಾಣುವಷ್ಟನ್ನು ಬೆಳ್ಳಗೆ ಮಾಡುತ್ತದೆ, ರೋಗ ಒಳಗೇ ಉಳಿಯುತ್ತದೆ. ಅಲುಗಾಡುವ ಹಲ್ಲು, ರಕ್ತ ಬರುವ ವಸಡು ಇರುವಾಗ ಯಾವ ಅಗಿಯುವ ತಿನಿಸೂ ಬೇಡ.

ಶುಚಿಯಾದ ಮೇಲೆ ಕಡ್ಡಿಯೂ ಇರಲಿ, ಬ್ರಷ್ಷಿನ ಆಸೆಯನ್ನೂ ಬಿಡಬೇಡಿ. ಕಡ್ಡಿ ಮುಂದಿನ ಹಲ್ಲುಗಳನ್ನು, ಕೋರೆಹಲ್ಲುಗಳನ್ನು ಅಷ್ಟಾಗಿ ಮುಟ್ಟುವುದಿಲ್ಲ. ಕೆಲವು ದಿನ ಬ್ರಷ್ಷನ್ನು ತೋರಿಸಲೇಬೇಡಿ. ಬೆರಳಿಗೆ ಒದ್ದೆ ಬಟ್ಟೆ ಸುತ್ತಿ ತುಟಿ ಎತ್ತಿ ಎರಡು ಹಲ್ಲು ಒರೆಸಿ ಬಿಟ್ಟುಬಿಡಿ, ನಾಳೆ ನಾಲ್ಕು. ಹಲ್ಲಿನ ಹೊರಮೈ ಸಾಕು. ಮನುಷ್ಯರ ಟೂತ್‌ಪೇಸ್ಟ್ ಮಾತ್ರ ಬಳಸಬೇಡಿ. ಅದರಲ್ಲಿ ಕ್ಸೈಲಿಟಾಲ್ ಎಂಬ ಸಿಹಿಕಾರಕ ಇದ್ದರೆ ನಾಯಿಯ ರಕ್ತದ ಸಕ್ಕರೆ ದಿಢೀರನೆ ಕುಸಿಯುತ್ತದೆ, ಯಕೃತ್ತಿಗೂ ಹಾನಿಯಾಗಬಹುದು.

ಪ್ರಶ್ನೆ: ನಾಲ್ಕು ತಿಂಗಳ ಮರಿ ಹಲ್ಲು ಬರುವ ನವೆಗೆ ಕುರ್ಚಿ ಕಾಲು ಕಡಿಯುತ್ತಿದೆ. ಐಸ್ ತುಂಡು ಕೊಡಬಹುದೇ?

ಉತ್ತರ: ಐಸ್ ಕೂಡ ಉಗುರಿನ ಪರೀಕ್ಷೆಯಲ್ಲಿ ಫೇಲು. ಒದ್ದೆ ಬಟ್ಟೆಯನ್ನು ಹುರಿ ಮಾಡಿ ಫ್ರಿಜ್‌ನಲ್ಲಿ ತಂಪಾಗಿಸಿ, ನೀವು ಹಿಡಿದುಕೊಂಡು ಕಡಿಸಿ, ಅಥವಾ ಮರಿಗಳಿಗಾಗಿ ಮಾಡಿದ ಮೆದು ರಬ್ಬರ್ ಆಟಿಕೆ ಕೊಡಿ. ಡೆಂಟಲ್ ಚ್ಯೂ ಪೊಟ್ಟಣದ ಮೇಲೆ ಕನಿಷ್ಠ ವಯಸ್ಸು ಬರೆದಿರುತ್ತದೆ, ಅಲ್ಲಿಯವರೆಗೆ ತಾಳಿ. ಹಾಲುಹಲ್ಲುಗಳು ಆರೇಳು ತಿಂಗಳೊಳಗೆ ಬಿದ್ದುಹೋಗಬೇಕು. ಪುಟ್ಟ ತಳಿಗಳಲ್ಲಿ ಹಾಲಿನ ಕೋರೆಹಲ್ಲು ಬೀಳದೆ ಹೊಸದರ ಪಕ್ಕದಲ್ಲೇ ನಿಂತುಬಿಡುವುದು ಸಾಮಾನ್ಯ. ಒಂದೇ ಜಾಗದಲ್ಲಿ ಜೋಡಿ ಕೋರೆ ಕಂಡರೆ ವೈದ್ಯರಿಗೆ ತೋರಿಸಿ, ಹಳೆಯದನ್ನು ತೆಗೆಸಬೇಕಾಗುತ್ತದೆ.