ಶುಂಠಿ ಸತ್ವ: ಬಿಸಿ ಏರಿದರೆ ಇಳುವರಿ ಇಳಿಯುವುದೇಕೆ?

ಪ್ರಶ್ನೆ: ಒಣಶುಂಠಿ ಪುಡಿಯಿಂದ ಕಾರ್ಬನ್ ಡೈಆಕ್ಸೈಡ್ ಬಳಸಿ ಸತ್ವ ತೆಗೆಯುವ ಸಣ್ಣ ಘಟಕ ನಮ್ಮದು. ಒತ್ತಡ 80 ಬಾರ್. ಹೆಚ್ಚು ಬರಲಿ ಎಂದು ಬಿಸಿಯನ್ನು 35ರಿಂದ 45 ಡಿಗ್ರಿಗೆ ಏರಿಸಿದರೆ ಬರುವುದೂ ಕಡಿಮೆಯಾಯಿತು. ಸಕ್ಕರೆ ಬಿಸಿನೀರಲ್ಲಿ ಹೆಚ್ಚು ಕರಗುತ್ತದಲ್ಲವೆ? ಬೇಸಿಗೆಯಲ್ಲಿ ಪಂಪೂ ಸರಿಯಾಗಿ ಎಳೆಯುವುದಿಲ್ಲ.
– ಓದುಗರು, ಬೀದರ್

ಉತ್ತರ: ಸಕ್ಕರೆಯ ಲೆಕ್ಕ ಇಲ್ಲಿ ನಡೆಯದು. ನೀರನ್ನು ಹತ್ತು ಡಿಗ್ರಿ ಕಾಯಿಸಿದರೂ ಅದರ ಸಾಂದ್ರತೆ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಕಾರ್ಬನ್ ಡೈಆಕ್ಸೈಡಿನ ಕ್ರಿಟಿಕಲ್ ಬಿಂದು (ದ್ರವ, ಅನಿಲ ಎಂಬ ಭೇದವೇ ಅಳಿಯುವ ಗಡಿ) 31 ಡಿಗ್ರಿ, 73.8 ಬಾರ್, ನೀವು ಅದಕ್ಕೆ ಅಂಟಿಕೊಂಡೇ ಯಂತ್ರ ನಡೆಸುತ್ತಿದ್ದೀರಿ. 80 ಬಾರ್‌ನಲ್ಲಿ ಒಂದು ಲೀಟರ್ ಅನಿಲ 35 ಡಿಗ್ರಿಗೆ ಸುಮಾರು 420 ಗ್ರಾಂ ತೂಗಿದರೆ, 45 ಡಿಗ್ರಿಗೆ ಬರೀ 240 ಗ್ರಾಂ. ತೆಳುವಾದ ಅನಿಲಕ್ಕೆ ಕರಗಿಸುವ ಕಸುವು ಕಡಿಮೆ. ಬಿಸಿಗೆ ಶುಂಠಿಯೆಣ್ಣೆ ಹೆಚ್ಚು ಆವಿಯಾಗುತ್ತದೆ, ನಿಜ. ಆದರೆ ಈ ಒತ್ತಡದಲ್ಲಿ ಆ ಲಾಭ ನಷ್ಟವನ್ನು ತುಂಬುವುದಿಲ್ಲ. ಒತ್ತಡ ಏರಿದಾಗ ಲೆಕ್ಕ ತಿರುಗುತ್ತದೆ: ನುಸಿಗುಳಿಗೆಯ ನ್ಯಾಫ್ತಲೀನ್ ಸುಮಾರು 120 ಬಾರ್ ದಾಟಿದ ಮೇಲೆ ಬಿಸಿ ಏರಿದಂತೆ ಹೆಚ್ಚು ಕರಗುತ್ತದೆ. ಈ ಗಡಿ ಪದಾರ್ಥದಿಂದ ಪದಾರ್ಥಕ್ಕೆ ಬೇರೆ.

ಆದ್ದರಿಂದ ಬಿಸಿಯನ್ನು 40ಕ್ಕೆ ನಿಲ್ಲಿಸಿ, ಒತ್ತಡ ಏರಿಸಿ. 80ರಿಂದ 100 ಬಾರ್‌ಗೆ ಹೋದರೆ ಸಾಂದ್ರತೆ 280ರಿಂದ 630 ಗ್ರಾಂಗೆ ಜಿಗಿಯುತ್ತದೆ. ಘಮದ ಎಣ್ಣೆಗೆ ಇಷ್ಟು ಸಾಕು; ಖಾರದ ಅಂಶ ಪೂರ್ತಿ ಬೇಕಾದರೆ 200–250 ಬಾರ್ ಬೇಕು. ಮೊದಲು ಪಾತ್ರೆಯ ಫಲಕದಲ್ಲಿ ಕೊರೆದ ಗರಿಷ್ಠ ಒತ್ತಡ ನೋಡಿ, ಅದನ್ನು ಮೀರಲೇಬೇಡಿ. ಪುಡಿ ಅರ್ಧ ಮಿಲಿಮೀಟರ್ ಆಸುಪಾಸಿರಲಿ. ಹಿಟ್ಟಿನಂತೆ ನುಣುಪಾದರೆ ಗಟ್ಟಿಯಾಗಿ ಕೂತು, ಅನಿಲ ಒಂದೇ ಸಂದಿಯಲ್ಲಿ ನುಗ್ಗಿ ಹೋಗುತ್ತದೆ. ಹೊರಹೋಗುವ ವಾಲ್ವ್ ಬಳಿ ಒತ್ತಡ ಇಳಿದಾಗ ಚಳಿ ಹಿಡಿದು ಮಂಜು ಕಟ್ಟುತ್ತದೆ, ಸತ್ವವೂ ಅಲ್ಲೇ ಗಟ್ಟಿಯಾಗುತ್ತದೆ. ವಾಲ್ವ್‌ಗೆ 50–60 ಡಿಗ್ರಿಯ ಹೀಟರ್ ಸುತ್ತಿ.

ಪಂಪಿನ ಕಾಯಿಲೆಗೆ ಕಾರಣ ನಮ್ಮ ಬಿಸಿಲೇ. ಸಿಲಿಂಡರ್ 31 ಡಿಗ್ರಿ ದಾಟಿದರೆ ಒಳಗೆ ದ್ರವವೇ ಉಳಿಯದು, ದ್ರವ ತಳ್ಳುವ ಪಂಪು ಅನಿಲವನ್ನು ಹಿಸುಕುತ್ತಾ ಕೂರುತ್ತದೆ. ಡಿಪ್ ಟ್ಯೂಬ್ (ತಳದ ದ್ರವವನ್ನು ಮೇಲಕ್ಕೆ ತರುವ ಒಳಕೊಳವೆ) ಇರುವ ಸಿಲಿಂಡರನ್ನೇ ತರಿಸಿ, ನೆರಳಲ್ಲಿಡಿ. ಸಿಲಿಂಡರಿನಿಂದ ಬರುವ ಪೈಪು, ಪಂಪಿನ ತಲೆ ಎರಡನ್ನೂ ಚಿಲ್ಲರ್‌ನಿಂದ 0–5 ಡಿಗ್ರಿಯಲ್ಲಿಡಿ.

ಪ್ರಶ್ನೆ: ಅದೇ ಯಂತ್ರದಲ್ಲಿ ಕುಸುಬಿ ಎಣ್ಣೆ ಬರುತ್ತದೆಯೆ?
– ಓದುಗರು, ಯಾದಗಿರಿ

ಉತ್ತರ: 100 ಬಾರ್‌ನಲ್ಲಿ ಬರುವುದು ತೀರಾ ಅಲ್ಪ. ಕೊಬ್ಬೆಣ್ಣೆಯ ಅಣು ದೊಡ್ಡದು, ಭಾರದ್ದು; 300 ಬಾರ್ ಮತ್ತು ಅದಕ್ಕೂ ಮೇಲೆ ಬೇಕು. ಖರ್ಚು ನೋಡಿದರೆ ಕುಸುಬಿಗೆ ಗಾಣವೇ ವಾಸಿ.