ಪಕ್ಕದವರು ರೇಟು ಇಳಿಸಿದಾಗ

ಆತ್ಮೀಯರೆ, ನಮಸ್ಕಾರ.

ದಾವಣಗೆರೆಯಿಂದ ನೀವು ಬರೆದ ನಾಲ್ಕು ಪುಟದ ಕಾಗದ ತಲುಪಿತು. ಎರಡು ಸಲ ಓದಿದೆ. ರಟ್ಟಿನ ಬಾಕ್ಸ್ ಮಾಡುವ ನಿಮ್ಮ ಘಟಕದಲ್ಲಿ 22 ಜನ ಇದ್ದಾರೆ. ಎಲ್ಲರಿಗೂ ಪಿಎಫ್ ಕಟ್ಟುತ್ತೀರಿ, ಓಟಿ ದುಡ್ಡು ಸರಿಯಾಗಿ ಕೊಡುತ್ತೀರಿ. ಅದೇ ಬೀದಿಯ ಇನ್ನೊಬ್ಬರು ಇದ್ಯಾವುದನ್ನೂ ಮಾಡದೆ ರೇಟು ಇಳಿಸಿ, ನಿಮ್ಮ ಹಳೇ ಗಿರಾಕಿಯನ್ನು ಎಳೆದುಕೊಂಡರು. "ಮನುಷ್ಯರನ್ನು ಮುಂದಿಟ್ಟುಕೊಂಡು ಕಂಪನಿ ನಡೆಸಿ, ಅದಕ್ಕೆ ಗುಂಪು ಕಟ್ಟಿ ಅಂತ ನಿಮ್ಮ ಪತ್ರಿಕೆಯ ಹೋದ ಸಂಚಿಕೆಯಲ್ಲಿ ಬರೆದಿರಿ. ಊರೂರಲ್ಲಿ ಗುಂಪು ಕಟ್ಟಿಕೊಂಡು ಚಹಾ ಕುಡಿದು ಮಾತಾಡಿದರೆ ನನ್ನ ಗಿರಾಕಿ ವಾಪಸ್ ಬರ್ತಾನಾ?" ಅಂತ ಕೇಳಿದ್ದೀರಿ.

ಕೇಳಬೇಕಾದ್ದನ್ನೇ ಕೇಳಿದ್ದೀರಿ. ಆ ಲೇಖನದಲ್ಲಿ ನಾವು ಈ ವಿಷಯ ಮುಟ್ಟಲೇ ಇಲ್ಲ. ತಪ್ಪು ನಮ್ಮದು.

ಒಂದು ಹಳೇ ಸಂಗತಿಯಿಂದ ಶುರು ಮಾಡ್ತೀನಿ. 1932ನೇ ಇಸವಿ, ಅಮೆರಿಕದ ಶಿಕಾಗೊ. ಎಲ್ಲ ಕಡೆ ವ್ಯಾಪಾರ ನೆಲಕಚ್ಚಿದ ಕಾಲ. ಕ್ಲಬ್ ಅಲ್ಯೂಮಿನಿಯಂ ಅನ್ನುವ ಪಾತ್ರೆ ಕಂಪನಿಗೆ ಆಸ್ತಿಗಿಂತ ಸಾಲವೇ 4 ಲಕ್ಷ ಡಾಲರ್ ಜಾಸ್ತಿ ಇತ್ತು. ಅದನ್ನು ವಹಿಸಿಕೊಂಡ ಹರ್ಬರ್ಟ್ ಟೇಲರ್ ಒಂದು ಚೀಟಿಯಲ್ಲಿ ನಾಲ್ಕು ಪ್ರಶ್ನೆ ಬರೆದರು. ಇದು ನಿಜವೇ? ಸಂಬಂಧಪಟ್ಟ ಎಲ್ಲರಿಗೂ ನ್ಯಾಯವೇ? ಇದರಿಂದ ವಿಶ್ವಾಸ, ಸ್ನೇಹ ಬೆಳೆಯುತ್ತದೆಯೇ? ಎಲ್ಲರಿಗೂ ಒಳ್ಳೆಯದಾಗುತ್ತದೆಯೇ? ತಮ್ಮದೇ ಕಂಪನಿಯ ಜಾಹೀರಾತು ಮೊದಲ ಪ್ರಶ್ನೆಗೇ ಸಿಕ್ಕಿಬಿತ್ತು. "ಎಲ್ಲಕ್ಕಿಂತ ಉತ್ತಮ" ಅನ್ನುವಂಥ ಮಾತುಗಳನ್ನೆಲ್ಲ ತೆಗೆಸಿದರು.

ಅಚ್ಚಿನ ಕೆಲಸ ಗೊತ್ತಿರುವ ನನಗೆ ಹೆಚ್ಚು ಇಷ್ಟವಾದದ್ದು ಇನ್ನೊಂದು ಪ್ರಸಂಗ. ರೋಟರಿ ಕ್ಲಬ್‌ನವರು ಇವತ್ತಿಗೂ ಇದನ್ನು ಹೇಳುತ್ತಾರೆ. ಕಂಪನಿಯ ಆರ್ಡರ್ ಹಿಡಿದ ಒಬ್ಬ ಪ್ರೆಸ್ಸಿನವರು ಲೆಕ್ಕ ತಪ್ಪಿ 500 ಡಾಲರ್ ಕಡಿಮೆ ರೇಟು ಬರೆದಿದ್ದರು. ಕಾಗದದ ಪ್ರಕಾರ ಅಷ್ಟಕ್ಕೇ ಮಾಡಿಸಿಕೊಳ್ಳಬಹುದಿತ್ತು. ಸ್ವತಃ ಕಂಪನಿಯೇ ಸಾಲದಲ್ಲಿ ಮುಳುಗಿತ್ತು. ಆದರೂ ಎರಡನೇ ಪ್ರಶ್ನೆ ಎದುರಿಗೆ ಇತ್ತಲ್ಲ, ಆ 500 ಡಾಲರ್ ಸೇರಿಸಿಯೇ ಕೊಟ್ಟರು.

ಶಿಕಾಗೊದಲ್ಲೇ 1905ರಲ್ಲಿ ಹುಟ್ಟಿ ದೇಶದೇಶಗಳ ಊರುಗಳಿಗೆ ಹಬ್ಬಿದ ರೋಟರಿ, 1943ರಲ್ಲಿ ಈ ನಾಲ್ಕು ಪ್ರಶ್ನೆಗಳನ್ನು ತನ್ನದಾಗಿಸಿಕೊಂಡಿತು. ನಿಮ್ಮ ಕಡೆಯ ರೋಟರಿ ಹಾಲ್‌ನಲ್ಲೂ ಆ ಬೋರ್ಡ್ ನೋಡಿರ್ತೀರಿ. ಬೋರ್ಡ್ ಸುಮ್ನೆ ಗೋಡೆ ಮೇಲಿರುತ್ತದೆ. ನೀವು ಹೇಗೆ ವ್ಯಾಪಾರ ಮಾಡ್ತೀರಿ ಅಂತ ಅದು ಕೇಳೋದಿಲ್ಲ. ಕೇಳೋಕೆ ಮನುಷ್ಯರೇ ಬೇಕು.

ಹೋದ ಸಂಚಿಕೆಯ ಲೇಖನದಲ್ಲಿ ಬಂದಿದ್ದ ಆಸ್ಟ್ರಿಯಾದ ಚಳವಳಿ ನನಗೆ ಮುಖ್ಯ ಅನ್ನಿಸೋದು ಇದಕ್ಕೇ. ಕ್ರಿಶ್ಚಿಯನ್ ಫೆಲ್ಬರ್ ಅನ್ನುವ ಲೇಖಕ ಮತ್ತು ಕೆಲವು ಉದ್ಯಮಿಗಳು ಸೇರಿ 2010ರಲ್ಲಿ ಶುರು ಮಾಡಿದ್ದು. ಕನ್ನಡದಲ್ಲಿ ಸರ್ವಹಿತದ ಅರ್ಥವ್ಯವಸ್ಥೆ ಅನ್ನಬಹುದು. ಈಗ ಹಲವು ದೇಶಗಳಲ್ಲಿ ಇದರ ಊರು ಮಟ್ಟದ ಗುಂಪುಗಳಿವೆ. ಲಾಭನಷ್ಟದ ಲೆಕ್ಕದ ಜೊತೆಗೆ ಕಂಪನಿ ಇನ್ನೊಂದು ಲೆಕ್ಕ ಬರೆಯಬೇಕು. ಸರಕು ಕೊಡುವವರು, ಬಂಡವಾಳ ಹಾಕಿದವರು, ಕೆಲಸಗಾರರು, ಗಿರಾಕಿಗಳು, ಸುತ್ತಲಿನ ಸಮಾಜ, ಹೀಗೆ ಐದು ಸಾಲು. ಒಂದೊಂದರಲ್ಲೂ ಮನುಷ್ಯರ ಘನತೆ, ನ್ಯಾಯ, ಪರಿಸರ, ಪಾರದರ್ಶಕತೆ ಹೇಗಿದೆ ಅಂತ ಅಂಕ. ಪೂರ್ತಿ ಅಂಕ 1000. ತಪ್ಪು ಮಾಡಿದರೆ ಕಳೆಯುತ್ತಾರೆ. ಜರ್ಮನಿಯಲ್ಲಿ ಬೆನ್ನುಚೀಲ, ಟೆಂಟ್ ಮಾಡುವ ವೌಡೆ ಕಂಪನಿಯೂ ಈ ಲೆಕ್ಕ ಬರೆಯುತ್ತದೆ. ಸಣ್ಣ ಘಟಕಗಳಿಗೆ ಇನ್ನೊಂದು ದಾರಿಯಿದೆ. ಕೆಲವು ಕಂಪನಿಯವರು ಒಟ್ಟಿಗೆ ಕೂತು, ಒಬ್ಬರ ಲೆಕ್ಕವನ್ನು ಇನ್ನೊಬ್ಬರು ನೋಡಿ ಅಂಕ ಹಾಕುತ್ತಾರೆ.

ಹೋದ ವರ್ಷ ನಾವು ಮೂರು ಜನ ಹಾಗೇ ಕೂತಿದ್ದೆವು. ನಾನು, ಬೇಕರಿ ನಡೆಸುವ ಒಬ್ಬ ಹೆಣ್ಣುಮಗಳು, ವೆಲ್ಡಿಂಗ್ ಶಾಪ್‌ನ ಒಬ್ಬರು. ಆ ಲೆಕ್ಕದ ಮೊದಲ ಸಾಲು, ಅಂದರೆ ಸರಕು ಕೊಡುವವರದ್ದು ಮಾತ್ರ ತಗೊಂಡೆವು. "ನಿಮ್ಮ ಬೈಂಡಿಂಗ್‌ನವರಿಗೆ ಎಷ್ಟು ದಿನಕ್ಕೆ ದುಡ್ಡು ಕೊಡ್ತೀರಿ ಸಾರ್?" ಅಂತ ಬೇಕರಿಯವರು ಕೇಳಿದರು. ನನಗೆ ಉತ್ತರ ಗೊತ್ತಿರಲಿಲ್ಲ.

ಮರುದಿನ ಬೈಂಡಿಂಗ್‌ನವರ ಹತ್ತಿರ ಹೋದೆ. ಅವರು ಕೆಂಪು ರಟ್ಟಿನ ಉದ್ದನೆ ಪುಸ್ತಕ ತೆಗೆದು, ಅಂಟು ಮೆತ್ತಿದ ಬೆರಳಲ್ಲಿ ನಮ್ಮ ಬಿಲ್ಲುಗಳನ್ನು ಒಂದೊಂದಾಗಿ ತೋರಿಸಿದರು. 92 ದಿನ. 87 ದಿನ. 104 ದಿನ. ಪಕ್ಕದ ಪುಟದಲ್ಲಿ, ಆ ತಿಂಗಳುಗಳಲ್ಲಿ ಹುಡುಗರ ಸಂಬಳಕ್ಕೆ ಅವರು ತಂದ ಕೈಸಾಲದ ಬಡ್ಡಿ ಬರೆದಿತ್ತು. ಹನ್ನೊಂದು ವರ್ಷದಿಂದ ನಮ್ಮ ಪತ್ರಿಕೆ ಹೊಲಿಯುತ್ತಿದ್ದಾರೆ, ಒಂದು ಸಲವೂ ಬಾಯಿಬಿಟ್ಟು ಕೇಳಿರಲಿಲ್ಲ. ನೋಂದಾಯಿಸಿದ ಸಣ್ಣ ಘಟಕಕ್ಕೆ ಹೆಚ್ಚೆಂದರೆ 45 ದಿನದಲ್ಲಿ ಹಣ ಕೊಡಬೇಕು ಅಂತ 2006ರ ಕಾನೂನೇ ಹೇಳುತ್ತದೆ. ಈಗ 30 ದಿನಕ್ಕೆ ಕೊಡುತ್ತಿದ್ದೇವೆ. ಅದಕ್ಕೆ ನಮ್ಮದೇ ಕೆಲವು ಖರ್ಚು ಕಡಿಮೆ ಮಾಡಬೇಕಾಯಿತು.

ಇನ್ನು ನಿಮ್ಮ ಗಿರಾಕಿ. ವಾಪಸ್ ಬರ್ತಾರೆ ಅಂತ ನಾನು ಹೇಳಲಾರೆ. ಸುಳ್ಳು ಭರವಸೆ ಕೊಟ್ಟರೆ ಟೇಲರ್ ಅವರ ಮೊದಲ ಪ್ರಶ್ನೆಗೇ ಸಿಕ್ಕಿಬೀಳ್ತೀನಿ. ಒಳ್ಳೆಯವರಿಗೆ ನಷ್ಟವಾಗುವ ಹಾಗೆ ಆಟದ ನಿಯಮ ಇದೆ ಅಂತ ಆಸ್ಟ್ರಿಯಾದವರೂ ಒಪ್ಪುತ್ತಾರೆ. ಅದಕ್ಕೇ ಜಾಸ್ತಿ ಅಂಕ ಬಂದವರಿಗೆ ತೆರಿಗೆ ಕಡಿಮೆ ಮಾಡಿ, ಸರ್ಕಾರಿ ಖರೀದಿಯಲ್ಲಿ ಮೊದಲು ಅವಕಾಶ ಕೊಡಿ ಅಂತ ಕೇಳುತ್ತಿದ್ದಾರೆ. ಅದನ್ನು ಒಬ್ಬರೇ ನಿಂತು ಕೇಳೋಕಾಗಲ್ಲ, ಅಲ್ವಾ? ಪಿಎಫ್ ವಿಷಯವೂ ಹಾಗೇ. 20 ಜನ ಅಥವಾ ಅದಕ್ಕಿಂತ ಹೆಚ್ಚು ಇರುವ ಘಟಕ ಪಿಎಫ್ ಕಟ್ಟಲೇಬೇಕು. ಅದು ಯಾರ ಒಳ್ಳೆತನಕ್ಕೂ ಬಿಟ್ಟದ್ದಲ್ಲ. ಇದನ್ನು ನೀವೊಬ್ಬರೇ ಹೇಳಿದರೆ ಹೊಟ್ಟೆಕಿಚ್ಚು ಅಂತಾರೆ. ಐದಾರು ಬಾಕ್ಸ್ ಘಟಕದವರು ಒಟ್ಟಿಗೆ ಹೋಗಿ, ನಮ್ಮ ರೇಟಿನಲ್ಲಿ ಸಂಬಳ ಎಷ್ಟು, ಪಿಎಫ್ ಎಷ್ಟು ಅಂತ ಬಿಡಿಸಿ ತೋರಿಸಿದರೆ ಗಿರಾಕಿ ಕೂತು ಕೇಳಬೇಕಾಗುತ್ತದೆ. ರೇಟು ಇಳಿಸಿದವರನ್ನೂ ಕರೆಯಿರಿ. ಅವರನ್ನು ಹೊರಗಿಟ್ಟು ಮಾತಾಡಿ ಏನೂ ಆಗಲ್ಲ. ಅವರಿಗೂ ಯಾರೋ 90 ದಿನ ಬಾಕಿ ಇಟ್ಟಿರಬಹುದು.

ಮುಂದಿನ ತಿಂಗಳ ಎರಡನೇ ಭಾನುವಾರ ನಾನು ದಾವಣಗೆರೆಗೆ ಬರ್ತೀನಿ. ಮೊದಲ ಸಾಲಿನ ಪ್ರಶ್ನೆಗಳನ್ನು ಕನ್ನಡದಲ್ಲಿ ಬರೆದು ತರ್ತೀನಿ. ನಾಲ್ಕು ಜನ ಒಪ್ಪಿದರೂ ಸಾಕು, ನಿಮ್ಮ ಘಟಕದಲ್ಲೇ ಕೂರೋಣ. ಪರವಾಗಿಲ್ಲ ಅಂದರೆ ಬೈಂಡಿಂಗ್‌ನವರನ್ನೂ ಕರಕೊಂಡು ಬರ್ತೀನಿ. ಬರೋಕೆ ಅವರೂ ಒಪ್ಪಿದ್ದಾರೆ.

ಇಂತಿ ನಿಮ್ಮ,
ಸಂಪಾದಕ