ತಮ್ಮಾ, ಕರಪತ್ರ ಊರಲ್ಲೇ ಬಿಟ್ಟು ಬಾ

ತಮ್ಮಾ, ನಿನ್ನ ಮೆಸೇಜ್ ಓದ್ದೆ. ಮುಂದಿನ ತಿಂಗಳು ದುಬೈಗೆ ಬರ್ತಿದೀನಿ, ಎಸಿ ಟೆಕ್ನಿಷಿಯನ್ ಕೆಲಸ, ಕಂಪನಿ ಕ್ಯಾಂಪಲ್ಲೇ ರೂಮು, ಬ್ಯಾಗಲ್ಲಿ ಒಂದಷ್ಟು ಹಿಂದಿ, ಇಂಗ್ಲಿಷ್ ಕರಪತ್ರ ಹಾಕ್ಕೊಂಡು ಬರ್ಲಾ ಅಕ್ಕಾ, ಅಲ್ಲಿ ಸುವಾರ್ತೆ ಸಾರೋಕೆ ಬಿಡಲ್ಲ ಅಂತಾರಲ್ಲ, ಹಾಗಾದ್ರೆ ನಂಬಿಕೆನ ಬಚ್ಚಿಟ್ಕೊಂಡೇ ಬದುಕಬೇಕಾ ಅಂತ ಕೇಳಿದೀಯ. ನಾನು 2006ರಿಂದ ಇಲ್ಲೇ ಇದೀನಿ, ನಂಗೆ ಗೊತ್ತಿರೋದು ಹೇಳ್ತೀನಿ.

ಮೊದ್ಲು ಕಾನೂನಿನ ವಿಷಯ. ಚರ್ಚ್‌ಗೆ ಏನೂ ತೊಂದ್ರೆ ಇಲ್ಲ, ಊದ್ ಮೇಥಾದಲ್ಲಿ ಸೇಂಟ್ ಮೇರೀಸ್ ಇದೆ, ಆಗ ದುಬೈ ಆಳ್ತಿದ್ದ ಶೇಖ್ ರಾಶಿದ್ ಅವರು ಕೊಟ್ಟ ಜಾಗದಲ್ಲಿ 1967ರಲ್ಲಿ ಶುರುವಾಗಿದ್ದು, ಕೊಂಕಣಿ, ಮಲಯಾಳಂ, ತಮಿಳು, ಟಗಾಲೊಗ್ ಎಲ್ಲಾ ಭಾಷೇಲೂ ಪೂಜೆ ಇರತ್ತೆ. ಕಾಂಪೌಂಡ್ ಒಳಗೆ ನಿನ್ನ ಪ್ರಾರ್ಥನೆಗೆ ಯಾರೂ ಅಡ್ಡ ಬರಲ್ಲ. ಆದ್ರೆ ಹೊರಗಡೆ ಮುಸ್ಲಿಮರಿಗೆ ಕರಪತ್ರ ಹಂಚೋದು, ನಮ್ಮ ಧರ್ಮಕ್ಕೆ ಬನ್ನಿ ಅಂತ ಕರೆಯೋದು ಇಲ್ಲಿ ಅಪರಾಧ. ಕಷ್ಟದಲ್ಲಿರೋರಿಗೆ ಅಂತ ದುಡ್ಡು ಕಲೆಕ್ಟ್ ಮಾಡೋಕೂ ಪರ್ಮಿಷನ್ ಬೇಕು, ವಾಟ್ಸಾಪ್ ಗ್ರೂಪಲ್ಲೂ ಮಾಡ್ಬೇಡ. ನಿನ್ನ ಜೇಬಿಂದ ಪಕ್ಕದೋನಿಗೆ ಊಟ ಕೊಡಿಸೋಕೆ ಯಾರ ಪರ್ಮಿಷನ್ನೂ ಬೇಡ.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. ನಾನು 2006ರಲ್ಲಿ ಬಂದಾಗ ಕರಾಮದಲ್ಲಿ ಒಂದು ಬೆಡ್‌ಸ್ಪೇಸು, ಒಂದೇ ರೂಮಲ್ಲಿ ಆರು ಜನ ಹೆಂಗಸರು, ಮೇಲೊಂದು ಕೆಳಗೊಂದು ಮಂಚ. ಹುಟ್ಟಿದ್ದು ಕ್ರೈಸ್ತರ ಮನೇಲೇ, ಚಿಕ್ಕೋಳಿದ್ದಾಗ ಜೂನ್ 13ಕ್ಕೆ ಡೋರ್ನಹಳ್ಳಿ ಅಂತೋಣಿಯವರ ಹಬ್ಬ ಒಂದ್ ವರ್ಷಾನೂ ತಪ್ಪಿಸ್ತಿರಲಿಲ್ಲ, ಆದ್ರೆ ಇಲ್ಲಿಗೆ ಬಂದ್ಮೇಲೆ ಸಾಲ, ಓವರ್‌ಟೈಮು ಅಂತ ಚರ್ಚ್ ಕಡೆ ತಲೆನೇ ಹಾಕಿರಲಿಲ್ಲ. ಅಂಥ ಟೈಮಲ್ಲಿ ಮೈತುಂಬಾ ಅಮ್ಮ ಎದ್ಬಿಡ್ತು, ಚಿಕನ್ ಪಾಕ್ಸು. ರೂಮಿನವರೆಲ್ಲ ಹೆದರಿ ಬೇರೆ ಬೇರೆ ಕಡೆ ಹೋದ್ರು, ಅವರದು ತಪ್ಪಿಲ್ಲ, ಹುಷಾರು ತಪ್ಪಿದ್ರೆ ಸಂಬಳ ಕಟ್ಟಾಗತ್ತೆ. ಕೆಳಗಿನ ಮಂಚದ ಫಿಲಿಪೀನ್ಸ್ ಹುಡುಗಿ ಮಾತ್ರ ಹೋಗ್ಲಿಲ್ಲ, ನಂಗೆ ಚಿಕ್ಕೋಳಿದ್ದಾಗ್ಲೇ ಬಂದು ಹೋಗಿದೆ ಅಂತ ಕೈಸನ್ನೇಲಿ ಹೇಳಿದ್ಲು. ರಾತ್ರಿ ಹತ್ತರ ತನಕ ಅಂಗಡೀಲಿ ನಿಂತು ದುಡಿದು ಬಂದು, ಒಂದು ಅಲ್ಯೂಮಿನಿಯಂ ಪಾತ್ರೇಲಿ ಅಕ್ಕಿಗೆ ಶುಂಠಿ ಜಜ್ಜಿ ಹಾಕಿ ಬೇಯಿಸೋಳು, ನಮ್ಮ ಗಂಜಿ ತರಾನೇ. ಬಾಯೊಳಗೂ ಗುಳ್ಳೆ ಎದ್ದಿತ್ತಲ್ಲ, ನುಂಗೋಕಾಗ್ತಿರಲಿಲ್ಲ, ಪಕ್ಕದಲ್ಲಿ ಕೂತು ಆರಿಸಿ ಆರಿಸಿ ಚಮಚದಲ್ಲಿ ಬಿಡೋಳು. ನನ್ನ ಬೆಡ್‌ಶೀಟ್ ಬೇರೆ ಬಕೆಟಲ್ಲಿ ನೆನೆಹಾಕಿ ನಡುರಾತ್ರಿ ಒಗೆಯೋಳು. ಅಷ್ಟು ದಿನದಲ್ಲಿ ಯೇಸುವಿನ ಬಗ್ಗೆ ಒಂದು ಮಾತು ಆಡ್ಲಿಲ್ಲ. ಮೂರನೇ ವಾರ, ಶುಕ್ರವಾರ ಬೆಳಿಗ್ಗೆ (ಆಗ ಇಲ್ಲಿ ಶುಕ್ರವಾರ ರಜ, ಭಾನುವಾರದ ಪೂಜೆ ಅವತ್ತೇ ನಡೀತಿತ್ತು, 2022ರಿಂದ ಬದಲಾಯ್ತು) ಅವಳು ಕನ್ನಡಿ ಮುಂದೆ ತಲೆ ಬಾಚ್ತಿದ್ಲು, ಎಲ್ಲಿಗೆ ಅಂದೆ, ಚರ್ಚ್‌ಗೆ ಅಂದ್ಲು. ಇರು ನಾನೂ ಬರ್ತೀನಿ ಅಂದೆ. ಅವಳು ಕರೀಲಿಲ್ಲ ತಮ್ಮಾ, ನಾನೇ ಎದ್ದು ಹೊರಟೆ.

ನನ್ನದೊಂದು ತಪ್ಪನ್ನೂ ಹೇಳ್ಬೇಕು ನಿಂಗೆ. ಎಷ್ಟೋ ವರ್ಷ ಆದ್ಮೇಲೆ ನಮ್ಮ ಎದುರು ಫ್ಲ್ಯಾಟಲ್ಲಿ ಆಂಧ್ರದ ಒಬ್ಬ ಹೆಣ್ಣುಮಗಳಿದ್ಲು, ಹಿಂದೂಗಳು, ಗಂಡ ರಾತ್ರೋರಾತ್ರಿ ತೀರ್ಕೊಂಡ. ಅಡುಗೆ ಮಾಡಿ ಕೊಟ್ಟೆ, ಮಗುನ ನೋಡ್ಕೊಂಡೆ, ಎಲ್ಲಾ ಸರಿ ಇತ್ತು, ಮೂರನೇ ದಿನ ಕಾಫಿ ಜೊತೆ, ಯೇಸುವನ್ನ ನಂಬಿದ್ರೆ ರಕ್ಷಣೆ ಸಿಗತ್ತೆ ಅನ್ನೋ ವಿಷಯ ತೆಗೆದೆ. ಅವಳು ಏನೂ ಅನ್ಲಿಲ್ಲ, ಲೋಟ ತೊಳೆದು ವಾಪಸ್ ಕೊಟ್ಲು, ಅವತ್ತಿಂದ ಬಾಗಿಲನ್ನ ಪೂರ್ತಿ ತೆಗೀಲೇ ಇಲ್ಲ. ಅಷ್ಟು ದಿನ ಮಾಡಿದ್ದೆಲ್ಲ ಇದಕ್ಕೇನಾ ಅಂತ ಅವಳಿಗೆ ಅನ್ನಿಸಿರಬೇಕು, ಅನ್ನಿಸದೆ ಇನ್ನೇನು. ಅದು ಇವತ್ತಿಗೂ ಮುಳ್ಳಿನ ತರ ಚುಚ್ಚತ್ತೆ.

ಆಮೇಲೆ ಬೈಬಲ್ಲಿನ ಲೂಕ 10ನೇ ಅಧ್ಯಾಯ ಎಷ್ಟು ಸಲ ಓದಿದೀನೋ. ಕಳ್ಳರು ಒಬ್ಬನ್ನ ಹೊಡೆದು ದಾರೀಲಿ ಬಿಟ್ಟು ಹೋಗಿರ್ತಾರೆ, ಬೇರೆ ಜನಾಂಗದ ಒಬ್ಬ ಸಮಾರಿಯದೋನು ಅವನ್ನ ನೋಡ್ಕೊಳ್ಳೋ ಕಥೆ, ಯೇಸು ಹೇಳಿದ್ದು. ಆ ಸಮಾರಿಯದೋನು ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹಾಕಿ ಕಟ್ತಾನೆ, ತನ್ನ ಪ್ರಾಣಿ ಮೇಲೆ ಕೂರಿಸ್ಕೊಂಡು ಹೋಗ್ತಾನೆ, ಛತ್ರದೋನಿಗೆ ಎರಡು ನಾಣ್ಯ ಕೊಟ್ಟು ಇನ್ನೂ ಖರ್ಚಾದ್ರೆ ವಾಪಸ್ ಬರ್ತಾ ಕೊಡ್ತೀನಿ ಅಂತಾನೆ. ಗಾಯ ಆದೋನ ಹತ್ರ ಅವನು ಮಾತಾಡಿದ್ದು ಆ ಕಥೇಲಿ ಒಂದೂ ಇಲ್ಲ, ನೀನೇ ತೆಗೆದು ನೋಡು.

2019ರ ಫೆಬ್ರವರೀಲಿ ಪೋಪ್ ಫ್ರಾನ್ಸಿಸ್ ಅಬುಧಾಬಿಗೆ ಬಂದಿದ್ರಲ್ಲ, ಜಾಯೆದ್ ಸ್ಪೋರ್ಟ್ಸ್ ಸಿಟಿ ಪೂಜೆಗೆ ನಾವು ರಾತ್ರಿನೇ ಬಸ್ ಹತ್ತಿ ಹೋಗಿದ್ವಿ. ಅವತ್ತಿನ ಉಪದೇಶದಲ್ಲಿ ಅವರು ಅಸ್ಸಿಸಿಯ ಸಂತ ಫ್ರಾನ್ಸಿಸ್‌ರನ್ನ ನೆನೆಸ್ಕೊಂಡ್ರು. ಆ ಸಂತರು 1219ರಲ್ಲಿ, ಕ್ರೈಸ್ತರು ಮುಸ್ಲಿಮರ ನಡುವೆ ಯುದ್ಧ ನಡೀತಿರೋವಾಗ್ಲೇ, ಈಜಿಪ್ಟಿನ ಸುಲ್ತಾನ್ ಅಲ್ ಕಾಮಿಲ್‌ನ ನೋಡೋಕೆ ಬರಿಗೈಲಿ ಹೋಗಿದ್ದೋರು. ತಮ್ಮ ಸಂಘದ ಸನ್ಯಾಸಿ ಸಹೋದರರಿಗೆ ಆ ಸಂತರು ಹೇಳಿದ್ದು, ವಾದ ಮಾಡ್ಬೇಡಿ, ಜಗಳ ಮಾಡ್ಬೇಡಿ, ದೇವರಿಗೋಸ್ಕರ ಎಲ್ಲರಿಗೂ ತಗ್ಗಿ ನಡೀರಿ, ಕ್ರೈಸ್ತರು ಅನ್ನೋದನ್ನ ಮಾತ್ರ ಮುಚ್ಚಿಡಬೇಡಿ ಅಂತ. ನಿನ್ನ ಪ್ರಶ್ನೆಗೆ ಇದಕ್ಕಿಂತ ಸರಿಯಾದ ಉತ್ತರ ನಂಗೆ ಸಿಕ್ಕಿಲ್ಲ. ಯಾರಾದ್ರೂ ಯಾಕಪ್ಪಾ ಹಿಂಗೆ ಮಾಡ್ತೀಯ ಅಂತ ಅವರಾಗಿ ಕೇಳಿದ್ರೆ ಯೇಸುವನ್ನ ನಂಬೋನು ಅನ್ನು, ಅಷ್ಟಕ್ಕೆ ನಿಲ್ಲಿಸು.

ಕ್ಯಾಂಪಲ್ಲಿ ನೆರೆಯವನು ಅಂದ್ರೆ ನಿನ್ನ ಮೇಲಿನ ಮಂಚದೋನೇ. ನೈಟ್ ಡ್ಯೂಟಿ ಮುಗಿಸಿ ಮಲಗಿರ್ತಾನೆ, ಫೋನಲ್ಲಿ ಮಾತಾಡೋದಿದ್ರೆ ಹೊರಗೆ ಹೋಗಿ ಮಾತಾಡು. ರಂಜಾನ್‌ನಲ್ಲಿ ಉಪವಾಸ ಇರೋನ ಮುಂದೆ ನೀರು ಕೂಡ ಕುಡೀಬೇಡ, ಸಂಜೆ ಅವನು ಬರೋಷ್ಟರಲ್ಲಿ ಖರ್ಜೂರ ತೆಗೆದಿಡು. ಜೂನ್ 15ರಿಂದ ಸೆಪ್ಟೆಂಬರ್ 15ರ ತನಕ ಮಧ್ಯಾಹ್ನ 12.30ರಿಂದ 3 ಗಂಟೆ ಬಿಸಿಲಲ್ಲಿ ಕೆಲಸ ಮಾಡಿಸೋ ಹಾಗಿಲ್ಲ, ಹೊಸದಾಗಿ ಬಂದ ಎಷ್ಟೋ ಹುಡುಗರಿಗೆ ಅದೇ ಗೊತ್ತಿರಲ್ಲ, ಕೂರಿಸ್ಕೊಂಡು ಹೇಳು. ಊರಲ್ಲಿ ತಾಯಿ ಸತ್ತು ಟಿಕೆಟ್‌ಗೆ ದುಡ್ಡಿಲ್ಲದೆ ಗೋಡೆ ಕಡೆ ತಿರುಗಿ ಮಲಗಿರೋನು ಒಬ್ಬ ಇದ್ದೇ ಇರ್ತಾನೆ, ಅವನ ಪಕ್ಕ ಸುಮ್ನೆ ಕೂತ್ಕೋ.

ಬಂದ ವಾರಾನೇ ಫೋನ್ ಮಾಡು, ಮನೆಗೆ ಊಟಕ್ಕೆ ಬಾ. ಆ ಫಿಲಿಪೀನ್ಸ್ ಹುಡುಗಿ 2011ರಲ್ಲಿ ಊರಿಗೆ ವಾಪಸ್ ಹೋದ್ಲು, ಅವಳ ಅಲ್ಯೂಮಿನಿಯಂ ಪಾತ್ರೆ ಇನ್ನೂ ನನ್ನ ಹತ್ರಾನೇ ಇದೆ, ತಳ ಸ್ವಲ್ಪ ತಗ್ಗಾಗಿದೆ ಅಷ್ಟೇ. ಹೋಗುವಾಗ ತಗೊಂಡ್ ಹೋಗು, ಕ್ಯಾಂಪಲ್ಲಿ ಯಾರಿಗಾದ್ರೂ ಜ್ವರ ಬಂದ್ರೆ ಬೇಕಾಗತ್ತೆ.